ಬರೀ ಕೀಬೋರ್ಡ್ ನುಡಿಸಿದ್ದು ಅಷ್ಟೇ, ಸರ್

ಗ್ಯಾರಿ ಬ್ರೂಕರ್ ಅಂದರೆ ಹೆಚ್ಚಿನವರು ಯಾರದು ಅಂತ ಕೇಳುತ್ತಾರೆ. ಹಾಡು ಹಾಕಿದರೆ, 'ಓ, ಇದಾ!' ಅನ್ನುತ್ತಾರೆ. 'ಎ ವೈಟರ್ ಶೇಡ್ ಆಫ್ ಪೇಲ್'. 1967ರಲ್ಲಿ ಇಂಗ್ಲೆಂಡಿನ ಪ್ರೋಕಲ್ ಹಾರಂ ಬ್ಯಾಂಡ್ ಹೊರತಂದ ಹಾಡು. ಪಿಯಾನೊ ಮುಂದೆ ಕೂತು ಅದನ್ನು ಹಾಡಿದವರು ಬ್ರೂಕರ್. 2022ರ ಫೆಬ್ರವರಿ 19ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. 76 ವರ್ಷ ಆಗಿತ್ತು. ಅದೇ ಬ್ಯಾಂಡಿನಲ್ಲಿ ಅವರು ಬೇರೆ ಎಷ್ಟೋ ಹಾಡು ಹಾಡಿದ್ದಾರೆ, ಕೆಲವು ನನಗೆ ಇದಕ್ಕಿಂತ ಇಷ್ಟ. ಆದರೆ ಜನ ನೆನೆಯುವುದು ಇದೊಂದನ್ನೇ.

ನನಗೆ ಮಾತ್ರ ಬ್ರೂಕರ್ ಅಂದರೆ ಹಾಡಿಗಿಂತ ಮೊದಲು ಒಂದು ಕೇಸು ನೆನಪಾಗುತ್ತದೆ. ಬೆಂಗಳೂರಿನಲ್ಲಿ ಕಾಪಿರೈಟ್ ವಕೀಲಿಕೆ ಮಾಡುವವನು ನಾನು. ಕೆಲವು ತಿಂಗಳಿಗೊಮ್ಮೆ ಅರ್ಧ ಬ್ಯಾಂಡು ನನ್ನ ಆಫೀಸಿಗೆ ಬರುತ್ತದೆ. ಉಳಿದರ್ಧ ಅಷ್ಟೊತ್ತಿಗೆ ಇನ್ನೊಬ್ಬ ವಕೀಲರ ಆಫೀಸಿನಲ್ಲಿ ಕೂತಿರುತ್ತದೆ. ಬಂದವರು ಹೇಳುವ ಮಾತು ಒಂದೇ. 'ಹಾಡು ನಮ್ಮದು ಸರ್. ಅವನು ಬರೀ ಕೀಬೋರ್ಡ್ ನುಡಿಸಿದ್ದು ಅಷ್ಟೇ.'

ಈ 'ಅಷ್ಟೇ' ಕೇಳಿದಾಗಲೆಲ್ಲ ನಾನು ಬ್ರೂಕರ್ ಕಥೆ ಶುರು ಮಾಡುತ್ತೇನೆ. ಜೂನಿಯರ್‌ಗಳು ಸದ್ದಿಲ್ಲದೆ ಎದ್ದು ಕಾಫಿಗೆ ಹೋಗುತ್ತಾರೆ.

1967ರ ಮಾರ್ಚ್. ಕೀತ್ ರೀಡ್ ಬರೆದ ಸಾಲುಗಳಿಗೆ ಬ್ರೂಕರ್ ರಾಗ ಕೂರಿಸಿದ್ದರು. ಹಕ್ಕನ್ನು ಇಬ್ಬರೂ ಪ್ರಕಾಶಕರಿಗೆ ಬರೆದುಕೊಟ್ಟೂ ಆಗಿತ್ತು. ಆಮೇಲೆ ಬ್ಯಾಂಡ್ ಸೇರಿದವರು ಮ್ಯಾಥ್ಯೂ ಫಿಷರ್, ಹ್ಯಾಮಂಡ್ ಆರ್ಗನ್ ಅನ್ನುವ ವಿದ್ಯುತ್ ಕೀಬೋರ್ಡ್ ವಾದ್ಯ ನುಡಿಸುವವರು. ರಿಹರ್ಸಲ್ ನಡೆಯುತ್ತಿದ್ದಾಗ ಅವರು ಹಾಡಿನ ಶುರುವಿಗೆ ಎಂಟು ಬಾರ್‌ಗಳ ಒಂದು ಸೋಲೊ, ಅಂದರೆ ಆರ್ಗನ್ನೇ ಮುಂದೆ ನಿಂತು ನುಡಿಯುವ ತುಣುಕು, ಕಟ್ಟಿದರು. (ಬಾರ್ ಅಂದರೆ ತಾಳದ ಒಂದು ಸುತ್ತು ಅಂತಿಟ್ಟುಕೊಳ್ಳಿ. ಕೋರ್ಟ್ ಎದುರಿಗಿರುವ ಬಾರ್ ಅಲ್ಲ.) ಜರ್ಮನ್ ಸಂಗೀತಕಾರ ಬಾಖ್‌ನ ಸಂಗೀತದ ನೆರಳು ಇರುವ, ಚರ್ಚಿನೊಳಗಿಂದ ಬಂದಂತೆ ಕೇಳುವ ಆ ತುಣುಕೇ ಹಾಡಿನ ಮುಖವಾಯಿತು. ಮೇ ತಿಂಗಳಲ್ಲಿ ಹಾಡು ಹೊರಬಂತು, ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿ ಕೂತಿತು. ರಚನೆ ಅಂತ ಇದ್ದದ್ದು ಬ್ರೂಕರ್ ಮತ್ತು ರೀಡ್ ಹೆಸರು ಮಾತ್ರ.

ನನಗೂ ಪಾಲು ಕೊಡಿ ಅಂತ ಫಿಷರ್ ಆಗಲೇ ಕೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜಾಸ್ತಿ ಒತ್ತಾಯ ಮಾಡಿದರೆ ಬ್ಯಾಂಡಿನಿಂದಲೇ ಹೊರಗೆ ಹೋಗಬೇಕಾದೀತು ಅಂತ ಅವರೂ ಸುಮ್ಮನಾದರು. ಕೋರ್ಟಿಗೆ ಹೋದದ್ದು 2005ರಲ್ಲಿ. ಅಂದರೆ 38 ವರ್ಷ ಕಳೆದ ಮೇಲೆ!

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. 'ಹಾಡು ಯಾರದು?' ಅನ್ನುವುದು ಒಂದು ಪ್ರಶ್ನೆ ಅಲ್ಲ, ಮೂರು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಸಾಹಿತ್ಯ ಬೇರೆ, ಸಂಗೀತ ಬೇರೆ, ರೆಕಾರ್ಡಿಂಗ್ ಬೇರೆ. ಮೂರಕ್ಕೂ ಮೂರು ಒಡೆಯರು ಇರಬಹುದು. ಸ್ಟುಡಿಯೊ ಬಾಡಿಗೆ ಕೊಟ್ಟು ರೆಕಾರ್ಡ್ ಮಾಡಿಸಿದ ಮಾತ್ರಕ್ಕೆ ರಾಗ ನಿಮ್ಮದಾಗುವುದಿಲ್ಲ. ಇನ್ನು ಸಂಗೀತದೊಳಗೆ ಬನ್ನಿ. ನೀವು ಹೇಳಿಕೊಟ್ಟದ್ದನ್ನು ಒಬ್ಬ ನುಡಿಸಿದರೆ ಅವನು ಕಲಾವಿದ. ಅವನಿಗೆ ಕಲಾವಿದನ ಹಕ್ಕು ಇದೆ, ಅದರ ಲೆಕ್ಕ ಬೇರೆ. ಆದರೆ ನೀವು ಹೇಳದೇ ಇದ್ದ ಹೊಸ ಸ್ವರಸಾಲನ್ನು ಅವನೇ ಕಟ್ಟಿ, ಅದು ಹಾಡಿನ ಜೊತೆ ಬೆರೆತುಹೋದರೆ, ಅವನೂ ಆ ಸಂಗೀತದ ಕರ್ತೃ ಆಗಬಹುದು. ನೊಟೇಶನ್ ಬರೆದಿರಬೇಕು ಅಂತೇನೂ ಇಲ್ಲ. ಆಗಬಹುದು ಅಂದೆ, ಆಗೇಬಿಡುತ್ತಾನೆ ಅನ್ನಲಿಲ್ಲ. ಎಷ್ಟು ಕಟ್ಟಿದ, ಅದಕ್ಕೆ ಎಷ್ಟು ತೂಕ ಅನ್ನುವುದನ್ನು ಸಾಕ್ಷ್ಯ ನೋಡಿಯೇ ಹೇಳಬೇಕು.

ಲಂಡನ್ ಹೈಕೋರ್ಟ್ 2006ರಲ್ಲಿ ಫಿಷರ್‌ಗೆ ಸಂಗೀತದ ಹಕ್ಕಿನಲ್ಲಿ 40% ಕೊಟ್ಟಿತು. ಅವರು ಕೇಳಿದ್ದು 50. ಮೇಲ್ಮನವಿಯಲ್ಲಿ, 'ಸಹಕರ್ತೃ ಹೌದು, ಆದರೆ ಇಷ್ಟು ತಡವಾಗಿ ಬಂದವರಿಗೆ ದುಡ್ಡಿಲ್ಲ' ಅಂತಾಯಿತು. 2009ರ ಜುಲೈನಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಮ್ಮತದಿಂದ ತಿರುಗಿಸಿತು. ತಡವಾದದ್ದರಿಂದ ಲಾಭ ಆಗಿದ್ದು ಎದುರಿನವರಿಗೇ ಅಲ್ವಾ, ಇಷ್ಟು ವರ್ಷ ಇವರ ಪಾಲೂ ಅವರ ಹತ್ತಿರವೇ ಇತ್ತಲ್ಲ ಅನ್ನುವುದು ಅಲ್ಲಿನ ತರ್ಕ. ಅರವತ್ತರ ದಶಕ ನೆನಪಿರುವವರಲ್ಲಿ ತಾನೂ ಒಬ್ಬಳು ಅಂತ ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಲೇಡಿ ಹೇಲ್ ತೀರ್ಪಿನಲ್ಲೇ ಬರೆದು ಸಂತೋಷಪಟ್ಟರು. ಆದರೂ ಕೇಸು ಹಾಕುವ ಮುಂಚಿನ ವರ್ಷಗಳ ದುಡ್ಡು ಫಿಷರ್‌ಗೆ ಸಿಗಲಿಲ್ಲ. ಹಾಡು ಹೆಚ್ಚು ಓಡಿದ ವರ್ಷಗಳು ಅವೇ ಇರಬೇಕು.

ಇದು ಇಂಗ್ಲೆಂಡಿನ ತೀರ್ಪು. ನಮ್ಮ ಕೋರ್ಟಿನ ಮುಂದೆ ಇಡಬಹುದು, ಹೀಗೇ ಆಗುತ್ತದೆ ಅಂತ ಭರವಸೆ ಕೊಡಲಾರೆ. ಕಾಲಮಿತಿಯ ವಿಷಯದಲ್ಲಂತೂ ಅಂಕಣ ಓದಿ ಯಾರೂ ನಿರ್ಧಾರ ಮಾಡಬೇಡಿ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಬಂದಿದ್ದ. ಕೀಬೋರ್ಡಿನವನು. ತುಂಬಾ ಸಂಕೋಚ. 'ನಾನೇನು ಮಾಡಿದೆ ಅಂತ ಹೇಗೆ ಹೇಳಲಿ ಸರ್' ಅಂದ. ಹಾಗಾದರೆ ತೋರಿಸಪ್ಪ ಅಂದೆ. ನನ್ನ ಮೇಜಿನ ಗಾಜಿನ ಮೇಲೆ ಬೆರಳಾಡಿಸುತ್ತ ಆ ತುಣುಕನ್ನು ಗುನುಗಿದ. ಆಚೆ ಟೈಪ್ ಮಾಡುತ್ತಿದ್ದ ನಮ್ಮ ಗುಮಾಸ್ತರು ಕೈ ನಿಲ್ಲಿಸಿ, ಅದರ ಮುಂದಿನ ಅರ್ಧವನ್ನು ತಾವೇ ಗುನುಗಿ ಮುಗಿಸಿದರು! ಅವರಿಗೆ ಬ್ಯಾಂಡಿನ ಹೆಸರೂ ಗೊತ್ತಿಲ್ಲ, ಹಾಡಿನ ಒಂದು ಪದವೂ ಬಾಯಿಗೆ ಬರುವುದಿಲ್ಲ. ಇದು ಸಾಕ್ಷ್ಯ ಅಂತ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಬಿಡಿ. ಆದರೆ ಎದುರಿನ ವಕೀಲರಿಗೆ ಫೋನ್ ಮಾಡುವಾಗ ನನ್ನ ದನಿ ಸ್ವಲ್ಪ ಗಟ್ಟಿಯಾಗಿತ್ತು. ರಾಜಿ ಆಯಿತು. ಬ್ಯಾಂಡ್ ಮಾತ್ರ ಉಳಿಯಲಿಲ್ಲ.

ಬ್ರೂಕರ್ ಅವರನ್ನು ಖಳನಾಯಕ ಮಾಡುವ ಉದ್ದೇಶ ನನಗಿಲ್ಲ. ನಡುವೆ ಸರ್ರೆಯಲ್ಲಿ ಪಬ್ ನಡೆಸಿದವರು, ಮೀನು ಹಿಡಿಯುವ ಸ್ಪರ್ಧೆಯಲ್ಲಿ ಯುರೋಪ್ ಮಟ್ಟದಲ್ಲಿ ಗೆದ್ದವರು, ದಾನದ ಕೆಲಸಕ್ಕಾಗಿ 2003ರಲ್ಲಿ ಬ್ರಿಟನ್ನಿನ ಎಂಬಿಇ ಗೌರವ ಪಡೆದವರು. ಫಿಷರ್ ಬರುವ ಮುಂಚೆಯೇ ಹಾಡು ಮುಗಿದಿತ್ತು ಅಂತ ಅವರು ನಿಜವಾಗಿ ನಂಬಿದ್ದರು ಅಂತಲೇ ನನಗನ್ನಿಸುತ್ತದೆ. ನನ್ನ ಹತ್ತಿರ ಬರುವವರೂ ಹಾಗೇ ನಂಬಿರುತ್ತಾರೆ. ಸುಳ್ಳು ಹೇಳುವವರು ಕಡಿಮೆ. ಒಂದೇ ಕೋಣೆಯಲ್ಲಿ ಕೂತವರು ಅದೇ ಸಂಜೆಯನ್ನು ಬೇರೆಬೇರೆಯಾಗಿ ನೆನಪಿಟ್ಟುಕೊಂಡಿರುತ್ತಾರೆ.

ಅದಕ್ಕೇ ಹೇಳುವುದು, ಹಾಡು ಕಟ್ಟಿದ ದಿನವೇ ಒಂದು ಹಾಳೆಯಲ್ಲಿ ಬರೆಯಿರಿ. ಸಾಹಿತ್ಯ ಯಾರದು, ಸಂಗೀತದಲ್ಲಿ ಯಾರಿಗೆ ಎಷ್ಟು ಪಾಲು. ಎಲ್ಲರೂ ಸಹಿ ಹಾಕಿ. ಹಕ್ಕನ್ನು ಬೇರೆಯವರಿಗೆ ಬರೆದುಕೊಡುವುದಾದರೆ ಅದು ಲಿಖಿತವಾಗಿ, ಸಹಿ ಸಮೇತ ಇರಲೇಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ಓದಿಕೊಳ್ಳುತ್ತದೆ. 'ಗ್ರೂಪಲ್ಲಿ ಎಲ್ಲರೂ ಹೆಬ್ಬೆಟ್ಟು ಹಾಕಿದ್ದಾರೆ ಸರ್' ಅಂತ ವಾಟ್ಸಾಪ್ ತೋರಿಸುತ್ತಾರೆ. ಕೋರ್ಟಿಗೆ ಗೊತ್ತಿರುವ ಹೆಬ್ಬೆಟ್ಟೇ ಬೇರೆ.

ಮೊನ್ನೆ ನಾಲ್ವರು ಹುಡುಗರು ಬಂದಿದ್ದರು. ಹಾಡು ಇನ್ನೂ ಹೊರಬಂದಿಲ್ಲ, ಜಗಳವೂ ಆಗಿಲ್ಲ. ನೋಟ್‌ಬುಕ್ಕಿನ ಹಾಳೆಯಲ್ಲಿ ಪಾಲು ಬರೆದುಕೊಂಡು ಬಂದಿದ್ದರು, ಮೂಲೆಯಲ್ಲಿ ದೋಸೆಯ ಎಣ್ಣೆ. ಮೂರೇ ಸಹಿ ಇತ್ತು. ಇನ್ನೊಬ್ಬ ಎಲ್ಲಿ ಅಂದೆ. ಡ್ರಮ್ಮರ್ ಬೈಕ್ ನಿಲ್ಲಿಸೋಕೆ ಜಾಗ ಹುಡುಕ್ತಿದ್ದಾನೆ ಸರ್, ನೀವು ಶುರು ಮಾಡಿ ಅಂದರು. ಬೇಡ, ಅವನೂ ಬರಲಿ ಅಂತ ಕಾದೆ.