ವೃಷಭಾವತಿ ಉಳಿಸುವ ಸಭೆಗೆ ಯಾರು ಯಾರು ಬರಬೇಕು?

ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಬೇಕು. ಅದಕ್ಕೆ ಆಗುವ ಕರೆಂಟ್ ಖರ್ಚು ಕಡಿಮೆಯದಲ್ಲ. ನಗರದ ಪಶ್ಚಿಮ ಭಾಗದ ಮನೆಗಳಲ್ಲಿ ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಆದ ಮೇಲೆ ಅದೇ ನೀರು ವೃಷಭಾವತಿ ಕಣಿವೆಗೆ ಇಳಿಯುತ್ತದೆ. ಮುಂದೆ ಅರ್ಕಾವತಿ ಸೇರುತ್ತದೆ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತದೆ. ಕಾವೇರಿಯಿಂದ ತಂದದ್ದನ್ನು ನಾವು ಯಾವ ರೂಪದಲ್ಲಿ ವಾಪಸ್ ಕೊಡುತ್ತಿದ್ದೇವೆ ಅನ್ನುವುದು ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟಿದ ಎಲ್ಲರಿಗೂ ಗೊತ್ತು. ವೃಷಭಾವತಿ ನದಿಯನ್ನು ಜನ ಕರೆಯುವುದೇ ಕೆಂಗೇರಿ ಮೋರಿ ಅಂತ.

ಈ ನದಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿತು ಅನ್ನುವುದು ಹಳೆಯ ನಂಬಿಕೆ. ಇನ್ನೊಂದು ಕವಲು ಮಲ್ಲೇಶ್ವರದ ಕಡೆಯಿಂದ ಬರುತ್ತದೆ. ಅಲ್ಲಿನ ನಂದಿತೀರ್ಥದಲ್ಲಿ ಇವತ್ತಿಗೂ ನೀರು ಜಿನುಗುತ್ತದೆ. ಬಾಪೂಜಿನಗರದ ಪಕ್ಕದ ಗಾಳಿ ಆಂಜನೇಯ ಗುಡಿಯನ್ನು ವ್ಯಾಸರಾಯರು ಸ್ಥಾಪಿಸಿದರು ಅನ್ನುತ್ತಾರೆ. ಗುಡಿ ಕಟ್ಟಿದವರು ನದಿ ದಡ ನೋಡಿಯೇ ಆ ಜಾಗ ಆರಿಸಿರಬೇಕು. ಈಗ ಜೋರು ಮಳೆ ಬಂದರೆ ಗುಡಿಯೊಳಗೆ ನುಗ್ಗುವುದು ಕೊಳಚೆ ನೀರು. ಕೆಂಗೇರಿ, ಕುಂಬಳಗೋಡು, ಬಿಡದಿ ಪಕ್ಕ ಹಾದು ನದಿ ಬೈರಮಂಗಲದ ಕೆರೆ ತುಂಬುತ್ತದೆ. ಕನಕಪುರದ ಹತ್ತಿರ ಅರ್ಕಾವತಿ ಸೇರುತ್ತದೆ.

ಕೆಟ್ಟಿದ್ದು ಯಾವಾಗ? ಬೆಂಗಳೂರು ಮೊದಲು ಅರ್ಕಾವತಿಯನ್ನು ನಂಬಿತ್ತು. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಆ ನೀರು ಸಾಲದಾದಾಗ 1974ರಲ್ಲಿ ಕಾವೇರಿ ಮೊದಲ ಹಂತ ಬಂತು. ಅಲ್ಲಿಂದ ಲೆಕ್ಕವೇ ಬೇರೆಯಾಯಿತು. ಮನೆಗೆ ಬಂದ ನೀರಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಗೆ ಹೋಗುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಅಂದರೆ ನೀರಿನ ಒಂದೊಂದು ಹಂತ ಬಂದಾಗಲೂ ಕೊಳಚೆಯದೂ ಒಂದು ಹಂತ ಬಂದ ಹಾಗೆ. ನೀರು ತರುವ ಕೊಳವೆಗೆ ಸಿಕ್ಕ ಹಣ, ಆತುರ, ಉದ್ಘಾಟನೆಯ ಸಂಭ್ರಮ ಕೊಳಚೆ ಒಯ್ಯುವ ಕೊಳವೆಗೆ ಸಿಗಲಿಲ್ಲ. ಕಣಿವೆಯಲ್ಲಿ ಸಂಸ್ಕರಣಾ ಘಟಕ ಬಂದರೂ ಊರು ಬೆಳೆದ ವೇಗಕ್ಕೆ ಅದು ಸಮನಾಗಲಿಲ್ಲ. ಮೇಲುಗಡೆ ಪೀಣ್ಯದ ಕಾರ್ಖಾನೆಗಳು, ಕೆಳಗಡೆ ಕುಂಬಳಗೋಡು, ಬಿಡದಿ ಕೈಗಾರಿಕೆಗಳು ಸೇರಿಕೊಂಡವು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವ ಸಾಮರ್ಥ್ಯ ಬಂದಿದೆ. ಅದರಲ್ಲೂ ಒಂದು ಪಾಲು ಇದೇ ಕಣಿವೆಗೆ ಇಳಿಯುತ್ತದೆ.

ಕೊಳಚೆ ನದಿಗೆ ಹೇಗೆ ಬರುತ್ತದೆ ಅಂತ ಹತ್ತಿರದಿಂದ ನೋಡಬೇಕಾದರೆ ಯಾವುದಾದರೂ ರಾಜಕಾಲುವೆಯ ಪಕ್ಕ ಬೇಸಿಗೆಯಲ್ಲಿ ನಿಲ್ಲಬೇಕು. ಮಳೆ ನೀರಿಗೆಂದೇ ಇರುವ ಕಾಲುವೆ, ಏಪ್ರಿಲ್‌ನಲ್ಲಿ ಒಣಗಿರಬೇಕು ಅಲ್ವಾ? ಕಪ್ಪು ನೀರು ಹರಿಯುತ್ತಲೇ ಇರುತ್ತದೆ. ಕಾಲುವೆಯ ನಡುವೆ ಅಲ್ಲಲ್ಲಿ ಕಾಂಕ್ರೀಟಿನ ದುಂಡನೆಯ ಕಂಬಗಳ ಹಾಗೆ ನಿಂತಿರುತ್ತವಲ್ಲ, ಅವು ಮ್ಯಾನ್‌ಹೋಲ್‌ಗಳು. ಕೊಳಚೆ ತಾನಾಗಿ ಇಳಿದು ಹೋಗಲು ಇಳಿಜಾರು ಬೇಕು, ಇಳಿಜಾರು ಇರುವುದು ಕಾಲುವೆಯಲ್ಲೇ. ಅದಕ್ಕೇ ಒಳಚರಂಡಿ ಕೊಳವೆಯನ್ನೂ ಅದರೊಳಗೇ ಹಾಕಿದರು. ಕೊಳವೆ ಕಟ್ಟಿಕೊಂಡರೆ, ಬಿರುಕು ಬಿಟ್ಟರೆ, ಮಳೆಗೆ ಮ್ಯಾನ್‌ಹೋಲ್ ಒಡೆದರೆ ಎಲ್ಲವೂ ನೇರ ಕಾಲುವೆಗೆ. ಕೊಳವೆ ಜಲಮಂಡಳಿಯದು, ಕಾಲುವೆ ಪಾಲಿಕೆಯದು. ದೂರು ಕೊಡಲು ಹೋದವರು ಎರಡು ಕಚೇರಿಗಳ ನಡುವೆ ಅಲೆಯುತ್ತಾರೆ.

ತಜ್ಞರು ಸುಮ್ನೆ ಕೂತಿರಲಿಲ್ಲ. ಬೆಂಗಳೂರಿನ ಕೆರೆಗಳನ್ನು ಉಳಿಸಲು 1980ರ ದಶಕದಲ್ಲೇ ಲಕ್ಷ್ಮಣ ರಾವ್ ಸಮಿತಿ ವರದಿ ಕೊಟ್ಟಿತ್ತು. 2011ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿ ಬಂತು. ವೃಷಭಾವತಿ ನೀರಿನಲ್ಲಿರುವ ಭಾರಲೋಹಗಳ ಬಗ್ಗೆ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಕೆಲಸ ಮಾಡಿದ್ದಾರೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ವಿಚಾರಣೆಯಲ್ಲಿ 2021ರಲ್ಲಿ ಹೈಕೋರ್ಟ್, ನದಿ ಪುನಶ್ಚೇತನದ ಅಧ್ಯಯನವನ್ನು ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಗೆ (ನೀರಿ) ವಹಿಸುವಂತೆ ಹೇಳಿತು. ಆ ಅರ್ಜಿ ಹಾಕಿದ್ದು ನಾಗರಿಕರು ಅನ್ನುವುದನ್ನು ಮರೆಯಬಾರದು. ಇಷ್ಟೆಲ್ಲ ಓದಿದರೆ ಮಾಹಿತಿಯ ಕೊರತೆ ಅಂತ ಹೇಳುವ ಹಾಗಿಲ್ಲ. ವರದಿ ಬರೆದವರು ಮತ್ತು ಆ ವಾಸನೆಯಲ್ಲಿ ಬದುಕುವವರು ಒಂದೇ ಮೇಜಿನ ಸುತ್ತ ಕೂತು, ಯಾವ ಕೊಳವೆ ಯಾವಾಗ ಸರಿಯಾಗಬೇಕು ಅಂತ ಮಾತಾಡಿದ್ದು ಬಹಳ ಕಡಿಮೆ.

ಹಾಗೆ ಕೂತ ಕಡೆ ಕೆಲಸ ಆಗಿದೆ. ಪುಟ್ಟೇನಹಳ್ಳಿ ಕೆರೆಗೆ 2010ರಲ್ಲಿ ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡರು. ಕೈಕೊಂಡ್ರಹಳ್ಳಿಯಲ್ಲಿ ಪಾಲಿಕೆ ಎಂಜಿನಿಯರುಗಳು, ಪರಿಸರ ತಜ್ಞರು, ಊರಿನ ಹಳಬರು ಸೇರಿ ಕೆರೆಯ ನಕ್ಷೆಯನ್ನೇ ಚರ್ಚಿಸಿದರು. ಜಕ್ಕೂರಿನದು ಇನ್ನೂ ಚೆನ್ನಾಗಿ ನೋಡಬೇಕಾದದ್ದು. ಅಲ್ಲಿ ಕೊಳಚೆ ಸಂಸ್ಕರಣಾ ಘಟಕವಿದೆ. ಅದರಿಂದ ಬಂದ ನೀರು ನೇರ ಕೆರೆಗೆ ಹೋಗುವುದಿಲ್ಲ, ಮೊದಲು ಜೊಂಡು ಬೆಳೆದ ಜೌಗು ಪ್ರದೇಶದಲ್ಲಿ ನಿಧಾನಕ್ಕೆ ಹಾಯುತ್ತದೆ. ಘಟಕದಲ್ಲಿ ಹೋಗದೆ ಉಳಿದ ಸಾರಜನಕ, ರಂಜಕದಲ್ಲಿ ಒಂದು ಪಾಲನ್ನು ಗಿಡಗಳು ಹೀರುತ್ತವೆ. ಘಟಕ ನಡೆಸುವುದು ಜಲಮಂಡಳಿ, ಜೊಂಡು ಯಾಕೆ ಬೇಕು ಅಂತ ವಿವರಿಸುವವರು ವಿಜ್ಞಾನಿಗಳು, ದಿನಾ ಬೆಳಗ್ಗೆ ಕೆರೆ ಸುತ್ತುವಾಗ ನೀರಿನ ಬಣ್ಣ ಬದಲಾದರೆ ಫೋನ್ ಮಾಡುವವರು ನಿವಾಸಿಗಳು. ಮೀನುಗಾರರಿಗೂ ಅಲ್ಲಿ ಜಾಗ ಇದೆ.

ಕೆರೆಗೆ ಒಂದು ಏರಿ ಇದೆ, ಸರಹದ್ದು ಇದೆ, "ನಮ್ಮ ಕೆರೆ" ಅನ್ನುವ ಜನ ಇದ್ದಾರೆ. ನದಿಗೆ ಆ ಅನುಕೂಲ ಇಲ್ಲ. ವೃಷಭಾವತಿ ಪಾಲಿಕೆ ಗಡಿ ದಾಟಿ ಪಂಚಾಯ್ತಿ, ಪುರಸಭೆಗಳಿಗೆ ಹೋಗುತ್ತದೆ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ನಗರದೊಳಗೇ ಕೈಗಳು ಜಾಸ್ತಿಯಾಗಿವೆ. ಕೋರಮಂಗಲ ಕಣಿವೆಯಲ್ಲಿ ಕೆ-100 ಹೆಸರಿನಲ್ಲಿ ರಾಜಕಾಲುವೆ ಸುಧಾರಿಸಲು ಹೊರಟಾಗ ಮೊದಲು ಮಾಡಬೇಕಾಗಿ ಬಂದ ಕೆಲಸವೂ ಅಷ್ಟೇ: ಎಲ್ಲೆಲ್ಲಿಂದ ಕೊಳಚೆ ಒಳಗೆ ಬರುತ್ತಿದೆ ಅಂತ ಒಂದೊಂದೇ ಬಾಯಿ ಹುಡುಕಿ ಒಳಚರಂಡಿಗೆ ಜೋಡಿಸುವುದು. ದಡಕ್ಕೆ ಕಲ್ಲು ಹಾಸುವುದಕ್ಕಿಂತ ಇದು ಕಷ್ಟ. ವೃಷಭಾವತಿಯಲ್ಲೂ ಶುರು ಮಾಡಬೇಕಾದದ್ದು ಅಲ್ಲಿಂದಲೇ.

ಇನ್ನೊಂದು ವಿಷಯಕ್ಕೆ ಜನರ ಕಣ್ಣು ಬೇಕೇ ಬೇಕು. ಅಧಿಕಾರಿಗಳು ನೀರಿನ ಮಾದರಿ ತೆಗೆಯುವುದು ಯಾವಾಗಲೋ ಒಂದು ಸಲ, ಹಗಲು ಹೊತ್ತಿನಲ್ಲಿ. ರಾತ್ರಿ ಎರಡು ಗಂಟೆಗೆ ಟ್ಯಾಂಕರ್ ಒಂದು ರಾಸಾಯನಿಕ ಸುರಿದು ಹೋದರೆ ಬೆಳಗಿನ ಮಾದರಿಯಲ್ಲಿ ಅದರ ಸುಳಿವೇ ಸಿಗದಿರಬಹುದು. ದಡದಲ್ಲಿ ಮನೆ ಇರುವವರಿಗೆ ಅದು ಮೂಗಿಗೇ ಗೊತ್ತಾಗುತ್ತದೆ. ಆ ಹೊತ್ತು, ಆ ಜಾಗ, ನೀರಿನ ಬಣ್ಣವನ್ನು ಅವರು ಬರೆದಿಟ್ಟರೆ ಎಲ್ಲಿ, ಯಾವಾಗ ಅಳೆಯಬೇಕು ಅಂತ ವಿಜ್ಞಾನಿಗೆ ದಾರಿ ಸಿಗುತ್ತದೆ.

ಆದರೆ ನಾಗರಿಕರು ಅಂದಾಗ ನಮ್ಮ ಮನಸ್ಸಿಗೆ ಬರುವುದು ಬಡಾವಣೆಯ ನಿವಾಸಿಗಳ ಸಂಘಗಳು ಮಾತ್ರ. ಅಲ್ಲೇ ನನಗೆ ತಕರಾರು ಇದೆ. 1940ರ ದಶಕದಲ್ಲಿ ಬೈರಮಂಗಲದ ಕೆರೆ ಕಟ್ಟಿದ್ದು ರೈತರ ನೀರಾವರಿಗೆ. ಇವತ್ತು ಅಲ್ಲಿ ನಿಂತಿರುವುದು ನಮ್ಮ ಕೊಳಚೆ. ತೂಬಿನಿಂದ ನೀರು ಬೀಳುವ ಕಡೆ ಸೋಪು, ಡಿಟರ್ಜೆಂಟಿನ ನೊರೆ ಎದ್ದು ಕಾಲುವೆ ತುಂಬುತ್ತದೆ. ಭತ್ತ ಬಿಟ್ಟವರು ಹಿಪ್ಪುನೇರಳೆ, ಸೀಮೆಹುಲ್ಲು, ಬೇಬಿಕಾರ್ನ್ ಹಿಡಿದರು. ಆ ಹುಲ್ಲು ತಿನ್ನುವ ಹಸುವಿನ ಹಾಲು, ಆ ತೋಟದ ತರಕಾರಿ ಮತ್ತೆ ನಗರದ ಕಡೆಗೇ ಬರುತ್ತದೆ. ನೀರಿಗಿಳಿದರೆ ಕಾಲು ತುರಿಸುತ್ತದೆ ಅಂತ ಗೊತ್ತಿದ್ದೂ ಇಳಿಯುತ್ತಾರೆ, ಯಾಕೆಂದರೆ ವರ್ಷವಿಡೀ ಸಿಗುವ ನೀರು ಅದೊಂದೇ.

ಕೆರೆ ಉಳಿಸಲು ಕೊಳಚೆಯನ್ನು ಪಕ್ಕದ ಕಾಲುವೆಯಲ್ಲಿ ಮುಂದಕ್ಕೆ ಕಳಿಸುವ ಯೋಜನೆ ಬಂದಾಗ, ಹಾಗೆ ಮಾಡಿದರೆ ರೋಗ ಕೆಳಗಿನ ಊರಿಗೆ ಹೋಗುತ್ತದೆ ಅಷ್ಟೇ ಅನ್ನುವ ಆಕ್ಷೇಪ ಬಂತು. ಈ ಕಣಿವೆಯ ಸಂಸ್ಕರಿಸಿದ ನೀರನ್ನು ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಎತ್ತಿ ಕೊಡುವ ಯೋಜನೆಯೂ ಕೈಯಲ್ಲಿದೆ. ಕೋಲಾರಕ್ಕೆ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಹೋಗುತ್ತಿರುವ ಮಾದರಿ ಅದು. ಒಣ ಕೆರೆಗಳಿಗೆ ನೀರು ಬಂದರೆ ಸಂತೋಷವೇ. ಆದರೆ ಸಂಸ್ಕರಿಸಿದ್ದೆಲ್ಲ ಅತ್ತ ಹೋಗಿ ಸಂಸ್ಕರಿಸದೇ ಉಳಿದದ್ದು ಮಾತ್ರ ಬೈರಮಂಗಲಕ್ಕೆ ಇಳಿದರೆ ಅಲ್ಲಿನ ರೈತರ ಗತಿ ಏನು? ಎಷ್ಟು ನೀರು, ಯಾವ ಗುಣಮಟ್ಟದ್ದು, ಯಾರಿಗೆ ಅಂತ ತೀರ್ಮಾನ ಆಗುವ ಕೋಣೆಯಲ್ಲಿ ಅವರಿಗೂ ಕುರ್ಚಿ ಇರಬೇಕು. ಆ ಸಭೆ ಬೆಂಗಳೂರಿನಲ್ಲೇ ನಡೆಯಬೇಕು ಅಂತೇನೂ ಇಲ್ಲ, ಬೈರಮಂಗಲದ ಪಂಚಾಯ್ತಿ ಕಟ್ಟಡದಲ್ಲೂ ನಡೆಯಬಹುದು.