ಪದ ಪರಿಚಯ: ಬ್ರೇನ್-ಮಷಿನ್ ಇಂಟರ್‌ಫೇಸ್

ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೂ ಕೈ ಎತ್ತಬೇಕು ಅಂತ ಅನಿಸುತ್ತದೆ. ಮಿದುಳು ಅಪ್ಪಣೆ ಕೊಡುತ್ತದೆ, ಆದರೆ ದಾರಿ ಕಡಿದಿರುವುದರಿಂದ ಅದು ಕೈ ಮುಟ್ಟುವುದಿಲ್ಲ. ಆ ಅಪ್ಪಣೆಯನ್ನು ಮಿದುಳಿನಲ್ಲೇ ಎಲೆಕ್ಟ್ರೋಡ್‌ಗಳಿಂದ (ವಿದ್ಯುತ್ ಸಂಕೇತ ಹಿಡಿಯುವ, ಕೊಡುವ ಸಣ್ಣ ತುದಿಗಳು) ಹಿಡಿದು, ಕಂಪ್ಯೂಟರ್ ಮೂಲಕ ರೋಬಾಟ್ ಕೈಗೆ ಕಳಿಸುವ ವ್ಯವಸ್ಥೆಯೇ ಬ್ರೇನ್-ಮಷಿನ್ ಇಂಟರ್‌ಫೇಸ್. ಟಿವಿಯಲ್ಲಿ ತೋರಿಸುವುದು ಇಷ್ಟೇ. ನನ್ನ ಪ್ರಕಾರ ಇದು ಅರ್ಧ ಕೆಲಸ.

ಇಳಕಲ್‌ನ ನೇಕಾರರು ಸೀರೆಯ ಒಡಲಿನ ಹಾಸು ಎಳೆಗಳಿಗೆ (ಮಗ್ಗದ ಉದ್ದದ ಎಳೆಗಳು) ಸೆರಗಿನ ಹಾಸು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಬೆರಳು ಜೋಮು ಹಿಡಿದಿದ್ದರೆ ಆ ಕೆಲಸ ಆಗುತ್ತದಾ? ಎಳೆ ಸಿಕ್ಕಿತಾ, ಎಷ್ಟು ಬಿಗಿಯಾಯಿತು ಅಂತ ಹೇಳುವುದೇ ಬೆರಳ ತುದಿ. ರೋಬಾಟ್ ಕೈ ನಡೆಸುವವರಿಗೆ ಈ ಸುದ್ದಿ ಬರುವುದಿಲ್ಲ. ಲೋಟ ಹಿಡಿದರೂ ಕಣ್ಣಿಟ್ಟು ನೋಡುತ್ತಲೇ ಇರಬೇಕು.

ಹಾಗಾಗಿ ವಾಪಸ್ ಬರುವ ದಾರಿಯನ್ನೂ ಕಟ್ಟಬೇಕು. ರೋಬಾಟ್ ಬೆರಳಿನ ಸೆನ್ಸರ್ ಒತ್ತಡ ಗುರುತಿಸಿದ ಕೂಡಲೇ, ಮಿದುಳಿನ ಸ್ಪರ್ಶದ ಭಾಗದಲ್ಲಿ ನೆಟ್ಟ ಎಲೆಕ್ಟ್ರೋಡ್ ಅತಿ ಸಣ್ಣ ಕರೆಂಟ್ ಕೊಡುತ್ತದೆ. ಎಲ್ಲಿ ಕೊಟ್ಟರೆ ಯಾವ ಬೆರಳಿಗೆ ಮುಟ್ಟಿದಂತೆ ಅನಿಸುತ್ತದೆ ಅನ್ನುವುದಕ್ಕೆ ನಕ್ಷೆ ಇದೆ. ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ, ಆಪರೇಷನ್ ವೇಳೆ ಎಚ್ಚರವಿದ್ದ ರೋಗಿಗಳನ್ನೇ ಕೇಳಿ ಕೇಳಿ ಅದನ್ನು ಬರೆದರು. (ಮಿದುಳಿಗೆ ತನ್ನ ನೋವು ಗೊತ್ತಾಗುವುದಿಲ್ಲ, ಅದಕ್ಕೇ ಇದು ಸಾಧ್ಯವಾಯಿತು.) ಅದರಲ್ಲಿ ಬೆರಳು, ತುಟಿಗಳಿಗೆ ಜಾಸ್ತಿ ಜಾಗ. ಅಷ್ಟಗಲದ ಬೆನ್ನಿಗೆ ಚೂರೇ ಚೂರು!

2016ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ ಇದನ್ನು ಮನುಷ್ಯರಲ್ಲಿ ಮಾಡಿ ತೋರಿಸಿತು. ಕಾರು ಅಪಘಾತದಲ್ಲಿ ಕೈಗಳ ಸ್ವಾಧೀನ ಕಳೆದುಕೊಂಡಿದ್ದ ನೇಥನ್ ಕೋಪ್‌ಲ್ಯಾಂಡ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದರೂ, ರೋಬಾಟ್‌ನ ಯಾವ ಬೆರಳನ್ನು ಮುಟ್ಟಿದರು ಅಂತ ಬಹುಪಾಲು ಸರಿಯಾಗಿ ಹೇಳಿದರು. 2021ರಲ್ಲಿ ಅದೇ ತಂಡ ಇನ್ನೊಂದು ಫಲಿತಾಂಶ ಪ್ರಕಟಿಸಿತು. ವಸ್ತು ಎತ್ತಿ ಇಡುವ ಕೆಲಸಕ್ಕೆ ಸ್ಪರ್ಶವಿಲ್ಲದೆ ಸುಮಾರು 20 ಸೆಕೆಂಡ್ ಬೇಕಿತ್ತು, ಸ್ಪರ್ಶ ಸಿಕ್ಕಾಗ 10 ಸಾಕಾಯಿತು. ವೇಗ ಸಿಕ್ಕಿದ್ದು ಮುಖ್ಯವಾಗಿ ಹಿಡಿಯುವ ಹಂತದಲ್ಲಿ. ಹಿಡಿತ ಸರಿಯಾಯಿತೋ ಇಲ್ಲವೋ ಅಂತ ತಡಕಾಡುವುದು ತಪ್ಪಿತು.

ಹಾಗಂತ ಅದು ನಮ್ಮ ಚರ್ಮದ ಸ್ಪರ್ಶವಲ್ಲ. ಒತ್ತಿದಂತೆ, ಕೆಲವೊಮ್ಮೆ ಜುಮ್ಮೆಂದಂತೆ ಅನಿಸುತ್ತದೆ, ಅಷ್ಟೇ. ರೇಷ್ಮೆಯ ನಯ, ಹತ್ತಿಯ ಒರಟು ಬೇರೆ ಬೇರೆಯಾಗಿ ತಿಳಿಯುವಂತೆ ಮಾಡುವುದು ಇನ್ನೂ ಕಷ್ಟ. ಒಂದು ಎಲೆಕ್ಟ್ರೋಡ್ ಕರೆಂಟ್ ಕೊಟ್ಟರೆ ಸುತ್ತಲಿನ ನೂರಾರು ನರಕೋಶಗಳು ಒಟ್ಟಿಗೇ ಎದ್ದು ಕೂರುತ್ತವೆ. ನಿಜವಾದ ಬೆರಳು ಬಟ್ಟೆಯ ಮೇಲೆ ಆಡಿದಾಗ ಅವು ಹಿಂದೆ ಮುಂದೆ, ತಮ್ಮ ತಮ್ಮ ಸರದಿಯಲ್ಲಿ ಮಾತಾಡುತ್ತವೆ.