ಮರದ ಬುಡಕ್ಕೆ ಕಟ್ಟೆ ಕಟ್ಟುವ ಮುನ್ನ

ಮುಂಗಾರುಪೂರ್ವ ಗಾಳಿಮಳೆಗೆ ಬೆಂಗಳೂರಿನಲ್ಲಿ ನಾಲ್ಕು ಮರಗಳು ಉರುಳಿದವೆಂದರೆ ಸಾಕು, ಮನೆ ಮುಂದಿನ ಮರದ ತಲೆ ಬೋಳಿಸಿಕೊಡಿ ಎಂದು ನನಗೆ ಕರೆಗಳು ಬರತೊಡಗುತ್ತವೆ. ಹೋಗಿ ನೋಡಿದರೆ ತೊಂದರೆ ಹೆಚ್ಚಾಗಿ ಬುಡದಲ್ಲೇ ಇರುತ್ತದೆ. ಕಾಂಡಕ್ಕೆ ಒತ್ತಿಕೊಂಡು ಕಾಂಕ್ರೀಟ್ ಸುರಿದಿರುತ್ತಾರೆ, ಇಲ್ಲವೇ ಚರಂಡಿಗೆಂದು ಒಂದು ಬದಿಯ ದಪ್ಪ ಬೇರುಗಳನ್ನು ಕಡಿದಿರುತ್ತಾರೆ.

ತಾಯಿಬೇರು ಪಾತಾಳಕ್ಕೆ ಇಳಿದಿರುತ್ತದೆ, ಮೇಲೆ ಏನು ಹಾಕಿದರೂ ಮರಕ್ಕೆ ಬಾಧೆಯಿಲ್ಲ ಎಂಬ ನಂಬಿಕೆಯನ್ನು ಎಷ್ಟು ಬಾರಿ ತಿದ್ದಿದರೂ ಸಾಲದು. ನೀರು ಮತ್ತು ಪೋಷಕಾಂಶ ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೂವರೆ, ಎರಡು ಅಡಿ ಮಣ್ಣಿನಲ್ಲಿದ್ದು, ಕೊಂಬೆಗಳ ಹರವನ್ನೂ ದಾಟಿ ಹರಡಿರುತ್ತವೆ. ಈ ಬೇರುಗಳಿಗೆ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಗಾಳಿಯಿಂದಲೇ ಅವು ಆಮ್ಲಜನಕ ಪಡೆಯಬೇಕು. ಮೇಲ್ಮೈ ಮುಚ್ಚಿದರೆ ನೀರಿನ ಜೊತೆ ಗಾಳಿಯೂ ನಿಲ್ಲುತ್ತದೆ. ಹಾಗಾಗಿ ಪೈಪಿನಲ್ಲಿ ಎಷ್ಟು ನೀರು ಬಿಟ್ಟರೂ ಆ ಕೊರತೆ ತುಂಬುವುದಿಲ್ಲ.

ಜಯನಗರದ ಹಿರಿಯರೊಬ್ಬರು ತಮ್ಮ ಹೊಂಗೆ ಮರಕ್ಕೆ ಬಹಳ ಅಕ್ಕರೆಯಿಂದ ಸಿಮೆಂಟ್ ಕಟ್ಟೆ ಕಟ್ಟಿಸಿ, ಕಾಂಡದ ಸುತ್ತ ಎರಡಡಿ ಕೆಮ್ಮಣ್ಣು ತುಂಬಿಸಿ, ಗ್ರಾನೈಟ್ ಹಾಸಿದ್ದರು. "ನಮ್ಮೂರ ಅರಳಿಕಟ್ಟೆಗೆ ಏನೂ ಆಗಿಲ್ಲವಲ್ಲ ಸಾರ್?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಹಳೆಯ ಕಟ್ಟೆಗಳಲ್ಲಿ ಸಾಮಾನ್ಯವಾಗಿ ಸಸಿಯನ್ನು ಕಟ್ಟೆಯ ಮೇಲೆಯೇ ನೆಡುತ್ತಿದ್ದರು. ಕಲ್ಲುಗಳ ಸಂದಿನಲ್ಲಿ ಗಾಳಿಯಾಡುತ್ತಿತ್ತು, ಸುತ್ತಲೂ ತೆರೆದ ನೆಲವಿತ್ತು. ಇಲ್ಲಿ ಬೆಳೆದು ನಿಂತ ಮರದ ಕಾಂಡವನ್ನೇ ಹೂಳಲಾಗಿತ್ತು. ಮಣ್ಣು ಸರಿಸಿದಾಗ ತೊಗಟೆ ಕಪ್ಪಾಗಿ, ಬೆರಳಿಟ್ಟರೆ ಪದರಪದರವಾಗಿ ಕಳಚುತ್ತಿತ್ತು. ಅದರಡಿಯಲ್ಲಿ ಶಿಲೀಂಧ್ರದ ಬಿಳಿ ಎಳೆಗಳಿದ್ದವು. ಈ ಕೊಳೆಯುವಿಕೆ ಕಾಂಡವನ್ನು ಪೂರ್ತಿ ಸುತ್ತುವರಿದಿಲ್ಲವಾದ್ದರಿಂದ ಮರ ಚೇತರಿಸಿಕೊಳ್ಳಬಹುದು ಎಂದೆ. ಉಳಿದೇ ಉಳಿಯುತ್ತದೆ ಎನ್ನಲು ನನ್ನಿಂದಾಗಲಿಲ್ಲ. ಅವರ ಕಣ್ಣು ತುಂಬಿ ಬಂದವು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆರವುಗೊಳಿಸಲು ಆದೇಶಿಸಿತ್ತು. ಮಳೆಮರದಂಥ ದೊಡ್ಡ ಮರಕ್ಕೆ ಅದು ತೀರಾ ಕನಿಷ್ಠ, ಸಾಧ್ಯವಾದಷ್ಟು ಹೆಚ್ಚು ಬಿಡಿ. ತೆಗೆಯುವಾಗ ಜೆಸಿಬಿ ತರಿಸಬೇಡಿ, ಹಾರೆಯಿಂದ ನಿಧಾನವಾಗಿ ಎಬ್ಬಿಸಿ. ತೆರೆದ ಜಾಗಕ್ಕೆ ಕಾಂಡಕ್ಕೆ ತಾಗದಂತೆ ಒಣ ಎಲೆ ಹಾಸಿದರೆ ಸಾಕು. ಆದರೆ ದಪ್ಪ ಬೇರು ಕಡಿದಿದ್ದರೆ ಅಥವಾ ಮರ ಹೊಸದಾಗಿ ವಾಲಿದ್ದರೆ ಇದಾವುದಕ್ಕೂ ಕೈಹಾಕದೆ ಮೊದಲು ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸಿ, ಅಡಿಯಲ್ಲಿ ನಿಲ್ಲಿಸಿದ ವಾಹನಗಳನ್ನು ಅಂದೇ ತೆಗೆಸಿ.